1972ರ ಲಾಂಚಿಯಾ ಫುಲ್ವಿಯಾ ಕೂಪೆ: ಒಂಬತ್ತು ವರ್ಷ ಓಡಿಸಿದ ಮೇಲೆ

ನಾನು ಇಟಲಿಯ ಟುರಿನ್‌ನಲ್ಲಿ ಕೆಲಸದಲ್ಲಿದ್ದೇನೆ. ಈ ಕಾರು ಕೊಂಡು ಒಂಬತ್ತು ವರ್ಷ ಆಯಿತು. ಫುಲ್ವಿಯಾ ಕೂಪೆ 1.3 ಎಸ್, ಎರಡನೇ ಸರಣಿ, ಕಡು ನೀಲಿ ಬಣ್ಣ. ಕೊಂಡಾಗ 78,000 ಕಿ.ಮೀ. ಓಡಿತ್ತು, ಈಗ 1,06,000 ದಾಟಿದೆ. ಇಂಥ ಕಾರು ಹುಡುಕುತ್ತಿರುವವರಿಗೆ ನನ್ನ ಮೊದಲ ಮಾತು: ಪೇಂಟಿನ ಹೊಳಪು ಆಮೇಲೆ ನೋಡಿ, ಕಾಗದಪತ್ರ ಮೊದಲು ನೋಡಿ.

ಇಲ್ಲಿನ ವಾಹನ ನೋಂದಣಿ ಕಚೇರಿಯಲ್ಲಿ ‘ಎಸ್ತ್ರಾತ್ತೊ ಕ್ರೊನೊಲೊಜಿಕೊ’ ಅಂತ ಒಂದು ಪತ್ರ ತೆಗೆಸಬಹುದು. ಗಾಡಿ ಯಾರ ಕೈಯಿಂದ ಯಾರ ಕೈಗೆ ಹೋಯಿತು ಅನ್ನುವುದು ಅದರಲ್ಲಿ ಸಾಲಾಗಿ ಇರುತ್ತದೆ. ನನ್ನ ಕಾರಿನ ಪತ್ರದಲ್ಲಿ ನನಗಿಂತ ಮುಂಚೆ ಎರಡೇ ಹೆಸರು. 1972ರಿಂದ 1998ರವರೆಗೆ ಟುರಿನ್ ಜಿಲ್ಲೆಯ ಪಿನೆರೋಲೊ ಊರಿನ ಶಾಲೆಯ ಮೇಡಂ ಒಬ್ಬರು, ಆಮೇಲೆ ಅವರ ತಂಗಿಯ ಮಗ. ನಂಬರ್ ಪ್ಲೇಟ್ ಕೂಡ ಅದನ್ನೇ ಹೇಳುತ್ತದೆ. ಕಪ್ಪು ಪ್ಲೇಟು, ಟುರಿನ್ ಜಿಲ್ಲೆಯ ‘ಟಿಒ’ ಅಕ್ಷರ. ಆಗೆಲ್ಲ ಗಾಡಿ ಬೇರೆ ಜಿಲ್ಲೆಗೆ ಹೋದರೆ ಹೊಸ ನಂಬರ್ ಬರುತ್ತಿತ್ತು. ಪತ್ರಕ್ಕೂ ಪ್ಲೇಟಿಗೂ ತಾಳೆಯಾಗದಿದ್ದರೆ ಸುಮ್ನೆ ವಾಪಸ್ ಬನ್ನಿ.

ಗಾಡಿಯ ಜೊತೆ ಒಂದು ನೋಟ್‌ಬುಕ್ಕೂ ಬಂತು. ಪೆಟ್ರೋಲ್ ಹಾಕಿಸಿದ್ದು, ಆಯಿಲ್ ಬದಲಿಸಿದ್ದು, ಎಲ್ಲವನ್ನೂ ಮೇಡಂ ಬರೆದಿಟ್ಟಿದ್ದಾರೆ. 1985ರ ಜನವರಿಯಲ್ಲಿ ಇಟಲಿಯಲ್ಲಿ ಭಾರೀ ಹಿಮ ಬಿದ್ದಿತ್ತು. ಆ ತಿಂಗಳು ಒಂದೇ ಸಾಲು: ರಸ್ತೆಗೆ ಉಪ್ಪು ಹಾಕಿದ್ದಾರೆ, ಗಾಡಿ ತೆಗೆಯಲಿಲ್ಲ. ಹಿಮ ಕರಗಿಸಲು ಹಾಕುವ ಆ ಉಪ್ಪು ತಾಗಿದರೆ ಗಾಡಿ ತುಕ್ಕು ಹಿಡಿಯುತ್ತದೆ. ಈ ಕಾರು ಇಷ್ಟು ಚೆನ್ನಾಗಿ ಉಳಿದಿರುವುದು ಆ ಒಂದು ಸಾಲಿನಿಂದಲೇ ಅಂತ ನನಗೆ ಅನಿಸುತ್ತದೆ. ಫುಲ್ವಿಯಾದ ಎಂಜಿನ್, ಗೇರ್‌ಬಾಕ್ಸ್, ಮುಂದಿನ ಸಸ್ಪೆನ್ಷನ್ ಎಲ್ಲ ಕೂತಿರುವುದು ಒಂದು ಸಬ್‌ಫ್ರೇಮ್, ಅಂದರೆ ಪ್ರತ್ಯೇಕ ಚೌಕಟ್ಟಿನ ಮೇಲೆ. ಅದು ಕಾರಿನ ಬಾಡಿ ಜೊತೆ ಸೇರುವ ಹಿಂದಿನ ಜಾಗ ತುಕ್ಕು ಹಿಡಿದರೆ ದೊಡ್ಡ ಖರ್ಚು. ಕೊಳ್ಳುವ ಮುಂಚೆ ಗಾಡಿಯನ್ನು ಲಿಫ್ಟ್ ಮೇಲೆ ಏರಿಸಿ, ಟಾರ್ಚ್ ಹಿಡಿದು ನೋಡಲೇಬೇಕು.

ನನಗೂ ಇದರ ಬಿಸಿ ತಟ್ಟಿತು. ಮೂರನೇ ವರ್ಷ ಅಲ್ಲಿ ಸ್ವಲ್ಪ ತುಕ್ಕು ಕಾಣಿಸಿತು. ಒಬ್ಬ ಮೆಕ್ಯಾನಿಕ್ ಹಣ ತಗೊಂಡು ಮೇಲೆ ಬರೀ ಕಪ್ಪು ಬಣ್ಣ ಬಳಿದು ಕಳಿಸಿದ. ತುಂಬಾ ಬೇಜಾರಾಯಿತು. ಕೊನೆಗೆ ಹಳೇ ಲಾಂಚಿಯಾಗಳನ್ನೇ ನೋಡುವ ವಯಸ್ಸಾದ ಮೇಸ್ತ್ರಿಯೊಬ್ಬರು ಕೊಳೆತ ಭಾಗ ಕತ್ತರಿಸಿ, ಹೊಸ ತಗಡು ಬೆಸುಗೆ ಹಾಕಿಕೊಟ್ಟರು. 1,900 ಯುರೋ ಆಯಿತು. ಆಮೇಲೆ ತೊಂದರೆ ಇಲ್ಲ. ಇನ್ನೊಂದು ಸಲ ಕಾರಿನೊಳಗೆ ಪೆಟ್ರೋಲ್ ವಾಸನೆ ಬರತೊಡಗಿತು. ಈಗಿನ ಪೆಟ್ರೋಲ್‌ನಲ್ಲಿ ಎಥನಾಲ್ ಇರಬಹುದು, ಹಳೇ ರಬ್ಬರ್ ಪೈಪ್ ಅದನ್ನು ತಡೆಯುವುದಿಲ್ಲ. ಎಲ್ಲವನ್ನೂ ಬದಲಿಸಿ.

ಇನ್ನು ಎಂಜಿನ್. 1298 ಸಿಸಿ, ವಿ4, ಅಂದರೆ ನಾಲ್ಕು ಸಿಲಿಂಡರ್ ‘V’ ಆಕಾರದಲ್ಲಿ ಎರಡು ಸಾಲಾಗಿವೆ, ಆದರೆ ಆ ಸಾಲುಗಳ ನಡುವೆ ಸುಮಾರು 13 ಡಿಗ್ರಿ ಕೋನ ಅಷ್ಟೇ. ಹಾಗಾಗಿ ನಾಲ್ಕೂ ಸಿಲಿಂಡರ್‌ನ ಮೇಲೆ ಮುಚ್ಚಲು ಒಂದೇ ಹೆಡ್ ಸಾಕು. ಮುಖ್ಯ ಎಂಜಿನಿಯರ್ ಆಂತೋನಿಯೊ ಫೆಸ್ಸಿಯಾ ಅವರ ಕಾಲದ ಲಾಂಚಿಯಾದಲ್ಲಿ ಖರ್ಚಿಗಿಂತ ಎಂಜಿನಿಯರಿಂಗ್ ಮುಂದಿತ್ತು. ಕಂಪನಿ ಸಾಲದಲ್ಲಿ ಮುಳುಗಿ 1969ರಲ್ಲಿ ಫಿಯಟ್ ಪಾಲಾಯಿತು. 90 ಎಚ್‌ಪಿ ಈಗ ಜಾಸ್ತಿ ಏನಲ್ಲ. ಆದರೆ ಗಾಡಿ ಒಂದು ಟನ್ನಿಗಿಂತ ಹಗುರ, ಐದು ಗೇರು, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ಪಿನೆರೋಲೊದಿಂದ ಫೆನೆಸ್ತ್ರೆಲ್ಲೆ ಕೋಟೆ ದಾಟಿ 2,035 ಮೀಟರ್ ಎತ್ತರದ ಸೆಸ್ತ್ರಿಯೆರೆಗೆ ಹತ್ತುವಾಗ ಮುಂದಿನ ಚಕ್ರಗಳು ಗಾಡಿಯನ್ನು ತಿರುವಿನಿಂದ ಎಳೆದು ತರುವುದು ಕೈಗೇ ಗೊತ್ತಾಗುತ್ತದೆ. 1972ರ ಮಾಂಟೆ ಕಾರ್ಲೊ ರ‍್ಯಾಲಿಯನ್ನು ಚಾಲಕ ಮುನಾರಿ ಮತ್ತು ಸಹಚಾಲಕ ಮನ್ನುಚ್ಚಿ ಗೆದ್ದಿದ್ದು ಇದರ ಅಣ್ಣ, ದೊಡ್ಡ ಎಂಜಿನ್‌ನ ಫುಲ್ವಿಯಾ 1.6 ಎಚ್‌ಎಫ್‌ನಲ್ಲಿ. ಅದು ಹೇಗೆ ಸಾಧ್ಯವಾಯಿತು ಅಂತ ಈ ರಸ್ತೆಯಲ್ಲಿ ಅರ್ಥವಾಗುತ್ತದೆ.

30 ವರ್ಷ ದಾಟಿದ ಗಾಡಿಗೆ ಇಲ್ಲಿ ಮಾಮೂಲಿ ರಸ್ತೆ ತೆರಿಗೆ ಇಲ್ಲ. ಓಡಿಸಿದರೆ ವರ್ಷಕ್ಕೆ ಸುಮಾರು 30 ಯುರೋ ಅಷ್ಟೇ. ಎಂಜಿನ್ ಭಾಗಗಳು ಸಿಗುತ್ತವೆ. ಬಾಗಿಲಿನ ಪಟ್ಟಿ, ಒಳಗಿನ ಸಣ್ಣಪುಟ್ಟ ಅಲಂಕಾರದ ಸಾಮಾನು ಸಿಗುವುದು ಕಷ್ಟ. ಮುರಿದದ್ದನ್ನೂ ಬಿಸಾಡಬೇಡಿ.

ಮೇಡಂ ನೋಟ್‌ಬುಕ್ಕನ್ನು ಈಗ ನಾನು ಮುಂದುವರಿಸುತ್ತಿದ್ದೇನೆ, ಕನ್ನಡದಲ್ಲಿ. ನಿನ್ನೆ ಬರೆದದ್ದು: ಹಿಂದಿನ ಎಡ ಬ್ರೇಕ್ ಕ್ಯಾಲಿಪರ್ ಸ್ವಲ್ಪ ಹಿಡಿಯುತ್ತಿದೆ, ಚಳಿಗಾಲಕ್ಕೆ ಮುಂಚೆ ಬಿಚ್ಚಿಸಬೇಕು.