ಹೀಲಿ 3000, ಎಂಜಿಸಿ, ಟಿಆರ್6: ಓಡಿಸಿ ನೋಡಿದ ಮೇಲೆ

ಕಾಗದದ ಮೇಲೆ ಈ ಮೂರು ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳ ನಡುವೆ ಜಗಳವೇ ಇಲ್ಲ. ಆಸ್ಟಿನ್-ಹೀಲಿ 3000 ಮಾರ್ಕ್ 3ಕ್ಕೆ 148 ಅಶ್ವಶಕ್ತಿ, ಎಂಜಿಸಿಗೆ 145, ಪೆಟ್ರೋಲ್ ಇಂಜೆಕ್ಷನ್ ಇರುವ ಮೊದಲ ವರ್ಷಗಳ ಟ್ರಯಂಫ್ ಟಿಆರ್6ಗೆ 150. ಮೂರರಲ್ಲೂ ಆರು ಸಿಲಿಂಡರುಗಳು ಒಂದೇ ಸಾಲಿನಲ್ಲಿವೆ, ಎಂಜಿನ್ ಮುಂದೆ, ಚಾಲನೆ ಹಿಂದಿನ ಚಕ್ರಗಳಿಗೆ. ಗರಿಷ್ಠ ವೇಗವೂ ಗಂಟೆಗೆ 190 ಕಿ.ಮೀ. ಆಸುಪಾಸು. ಇಂಗ್ಲೆಂಡಿನ ಕಾಟ್ಸ್‌ವೋಲ್ಡ್ಸ್ ಗುಡ್ಡಗಳಲ್ಲಿ, ಬ್ರಾಡ್‌ವೇಯಿಂದ ಫಿಶ್ ಹಿಲ್ ಹತ್ತಿ ಮೊರ್ಟನ್ ಕಡೆಗೆ ಹೋಗುವ ರಸ್ತೆಯಲ್ಲಿ ಮೂರನ್ನೂ ಓಡಿಸಿದರೆ ಈ ಅಂಕಿಗಳು ಎಷ್ಟು ಪೊಳ್ಳು ಎಂಬುದು ಮೊದಲ ತಿರುವಿನಲ್ಲೇ ತಿಳಿಯುತ್ತದೆ. ಎಂಜಿನ್ ಎಷ್ಟು ದೊಡ್ಡದು ಎನ್ನುವುದಕ್ಕಿಂತ ಅದನ್ನು ಎಲ್ಲಿ ಕೂರಿಸಿದ್ದಾರೆ, ಅದರ ಬಲವನ್ನು ಹಿಂದಿನ ಚಕ್ರಗಳು ಹೇಗೆ ಹೊರುತ್ತವೆ ಎನ್ನುವುದೇ ಇಲ್ಲಿ ಮುಖ್ಯ.

ಆರು ಸಿಲಿಂಡರಿನ ಮೋಹಕ್ಕೆ ಕಾರಣವಿದೆ. ಒಂದನೆಯ ಪಿಸ್ಟನ್ ಜೊತೆಗೆ ಆರನೆಯದು, ಎರಡನೆಯದರ ಜೊತೆಗೆ ಐದನೆಯದು, ಮೂರನೆಯದರ ಜೊತೆಗೆ ನಾಲ್ಕನೆಯದು ಏರಿಳಿಯುತ್ತವೆ. ಈ ಜೋಡಿಗಳು ಪರಸ್ಪರ 120 ಡಿಗ್ರಿ ಅಂತರದಲ್ಲಿರುವುದರಿಂದ ಒಂದರ ನೂಕನ್ನು ಉಳಿದೆರಡು ರದ್ದುಮಾಡುತ್ತವೆ. ನಾಲ್ಕು ಸಿಲಿಂಡರಿನ ನಡುಕ ಇಲ್ಲಿಲ್ಲ. ಅದಕ್ಕೆ ತೆರಬೇಕಾದ ಬೆಲೆ ಉದ್ದ ಮತ್ತು ತೂಕ.

ಹೀಲಿಯಲ್ಲಿ ಆ ತೂಕ ಗೊತ್ತಾಗುತ್ತದೆ, ಆದರೆ ಸಿಟ್ಟು ಬರುವುದಿಲ್ಲ. 2,912 ಸಿಸಿಯ ಎರಕದ ಕಬ್ಬಿಣದ ಎಂಜಿನ್, ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಎರಡು ದೊಡ್ಡ ಎಸ್‌ಯು ಕಾರ್ಬ್ಯುರೇಟರುಗಳು. ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಫಿಶ್ ಹಿಲ್‌ನ ಏರು ಸುಮ್ಮನೆ ಮುಗಿದುಹೋಗುತ್ತದೆ. ಗೇರ್ ಇಳಿಸಬೇಕೆಂದು ಅನ್ನಿಸುವುದೇ ಇಲ್ಲ. ಓವರ್‌ಡ್ರೈವ್ (ಅದೇ ವೇಗಕ್ಕೆ ಎಂಜಿನ್ ನಿಧಾನ ಸುತ್ತುವಂತೆ ಮಾಡುವ ಹೆಚ್ಚುವರಿ ಗೇರು) ಸ್ವಿಚ್ ಹಾಕಿದ ಕೂಡಲೇ ಎಂಜಿನ್ನಿನ ಸದ್ದು ಒಂದು ಮೆಟ್ಟಿಲು ಕೆಳಗಿಳಿಯುತ್ತದೆ. ಆದರೆ ಇದರ ಮೂಲ ವಿನ್ಯಾಸ 1952ರ ಹೀಲಿ 100ರದು, ನಾಲ್ಕು ಸಿಲಿಂಡರಿಗೆ ಹೊಲಿದ ಅಂಗಿ. ಚಾಸಿಸ್‌ನ ಉದ್ದ ಪಟ್ಟಿಗಳು ಹಿಂದಿನ ಆಕ್ಸಲ್‌ನ ಅಡಿಯಿಂದ ಹಾದುಹೋಗುತ್ತವೆ. ಹಾಗಾಗಿ ಕಾರು ನೆಲಕ್ಕೆ ಬಹಳ ಹತ್ತಿರ, ಸಸ್ಪೆನ್ಷನ್‌ಗೆ ಆಡಲು ಜಾಗ ಕಡಿಮೆ. 1964ರಲ್ಲಿ ಚಾಸಿಸ್‌ನ ಹಿಂಭಾಗವನ್ನು ತಿದ್ದಿ ಒಂದಿಷ್ಟು ಅವಕಾಶ ಮಾಡಿಕೊಟ್ಟರು. ಕಾಲಿನ ಬುಡಕ್ಕೆ ಬರುವ ಎಂಜಿನ್ ಶಾಖಕ್ಕೆ ಮಾತ್ರ ಔಷಧಿ ಇಲ್ಲ. ಚಳಿಗಾಲದಲ್ಲಿ ವರ, ಜುಲೈಯಲ್ಲಿ ಶಿಕ್ಷೆ. ಇದೇ ವಂಶದ ಕಾರಿನಲ್ಲಿ ಪ್ಯಾಟ್ ಮಾಸ್ ಮತ್ತು ಆ್ಯನ್ ವಿಸ್ಡಮ್ 1960ರ ಲಿಯೇಜ್-ರೋಮ್-ಲಿಯೇಜ್ ರ‍್ಯಾಲಿ ಗೆದ್ದರು ಎಂದು ನೆನೆದಾಗ ಆ ಇಬ್ಬರು ಹೆಂಗಸರ ಮೇಲೆ ಗೌರವ ದುಪ್ಪಟ್ಟಾಗುತ್ತದೆ.

ಹೀಲಿಯ ಜಾಗ ತುಂಬಲು 1967ರಲ್ಲಿ ಬಂದದ್ದು ಎಂಜಿಸಿ. ಎಂಜಿನ್ ಅಳತೆ ಅದೇ 2,912 ಸಿಸಿ, ಆದರೆ ಒಳಗಿನದು ಬೇರೆಯೇ ಕಥೆ. ಹಳೆಯದರಲ್ಲಿ ಪಿಸ್ಟನ್‌ಗಳ ಏರಿಳಿತವನ್ನು ತಿರುಗುವಿಕೆಯಾಗಿಸುವ ಕ್ರ್ಯಾಂಕ್‌ಶಾಫ್ಟ್‌ಗೆ ನಾಲ್ಕು ಮುಖ್ಯ ಬೇರಿಂಗ್‌ಗಳಿದ್ದರೆ ಇದರಲ್ಲಿ ಏಳು. ಅದರಿಂದ ನಯವೂ ಬಂತು, ಘರ್ಷಣೆಯೂ ಬಂತು. ಹೀಲಿ ಉತ್ಸಾಹದಿಂದ ಏರುವ ಕಡೆ ಎಂಜಿಸಿ ಯೋಚಿಸಿ ಏರುತ್ತದೆ. ಇನ್ನು ದೇಹ ನಾಲ್ಕು ಸಿಲಿಂಡರಿನ ಎಂಜಿಬಿ ಕಾರಿನದು, ಅಂದರೆ ನಮ್ಮ ಅಂಬಾಸಿಡರ್ ಎಂಜಿನ್ನಿನ ದಾಯಾದಿಗಾಗಿ ರೂಪಿಸಿದ್ದು. ಅದರೊಳಗೆ ಈ ಉದ್ದನೆಯ ಎಂಜಿನ್ ತುರುಕಲು ಮುಂದಿನ ಅಡ್ಡತೊಲೆಯನ್ನೇ ತೆಗೆಯಬೇಕಾಯಿತು, ಕಾಯಿಲ್ ಸ್ಪ್ರಿಂಗ್ ಬಿಟ್ಟು, ತಿರುಚಿಕೊಂಡು ಸ್ಪ್ರಿಂಗ್‌ನ ಕೆಲಸ ಮಾಡುವ ಟಾರ್ಷನ್ ಬಾರ್ ಹಾಕಬೇಕಾಯಿತು. ಬಾನೆಟ್ ಮುಚ್ಚದ್ದಕ್ಕೆ ಅದರ ಮೇಲೊಂದು ದೊಡ್ಡ ಉಬ್ಬು, ಕಾರ್ಬ್ಯುರೇಟರಿಗಾಗಿ ಪಕ್ಕದಲ್ಲಿ ಮತ್ತೊಂದು ಚಿಕ್ಕ ಉಬ್ಬು. ಹೀಲಿ ಕಾರುಗಳ ಜನಕ ಡೊನಾಲ್ಡ್ ಹೀಲಿ ಇದೇ ಕಾರಿಗೆ ತಮ್ಮ ಹೆಸರಿಟ್ಟು ಮಾರಲು ಒಪ್ಪಲಿಲ್ಲ.

ಆಗಿನ ಪತ್ರಿಕೆಗಳು ಇದನ್ನು ಚೆನ್ನಾಗಿಯೇ ಜಾಡಿಸಿದವು. ಮೂತಿ ಭಾರ, ತಿರುಗಲು ಸೋಮಾರಿ ಎಂದು. ಆ ಆರೋಪ ಸುಳ್ಳಲ್ಲ. ಬಿಗಿ ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸುತ್ತಲೇ ಇರಬೇಕು, ಮುಂಭಾಗ ಹೊರಗೆ ಸರಿಯಲು ನೋಡುತ್ತದೆ. ಆದರೆ ಅದನ್ನು ಹೆದ್ದಾರಿಗೆ ತಂದು ಓವರ್‌ಡ್ರೈವ್ ಹಾಕಿ ನೋಡಿ. ಗಂಟೆಗೆ 110 ಕಿ.ಮೀ. ವೇಗದಲ್ಲಿ ಎಂಜಿನ್ ಮೂರು ಸಾವಿರ ಸುತ್ತಿಗಿಂತ ಕೆಳಗೇ ಗುನುಗುತ್ತಿರುತ್ತದೆ, ಪಕ್ಕದ ಸೀಟಿನವರ ಜೊತೆ ದನಿ ಏರಿಸದೆ ಮಾತಾಡಬಹುದು. ದೂರದ ಊರಿಗೆ ಹೋಗುವುದಿದ್ದರೆ, ಅದರಲ್ಲೂ ಜಿಟಿ ಮಾದರಿಯ ಗಟ್ಟಿ ಮೇಲ್ಛಾವಣಿ ಇದ್ದರೆ, ಮೂರರಲ್ಲಿ ನಾನು ಆರಿಸುವುದು ಇದನ್ನೇ. ಸ್ಪೋರ್ಟ್ಸ್ ಕಾರು ಎಂದು ಮಾರಿದ್ದೇ ಇದರ ದುರದೃಷ್ಟ.

ಟಿಆರ್6ರ ಎಂಜಿನ್ ಮೂರರಲ್ಲೂ ಚಿಕ್ಕದು, 2,498 ಸಿಸಿ. ರೂಪ ನೋಡಿದರೆ ಹೊಸ ಕಾರು ಅನ್ನಿಸುತ್ತದೆ, ಆದರೆ ಬಾಗಿಲು, ಗಾಜು ಎಲ್ಲ ಇಟಲಿಯ ವಿನ್ಯಾಸಕಾರ ಮಿಕೆಲೊಟ್ಟಿ ಬಿಡಿಸಿದ ಹಳೆಯ ಟಿಆರ್‌ನದೇ. ಜರ್ಮನಿಯ ಕಾರ್ಮನ್ ಕಂಪನಿ ಮೂತಿ ಮತ್ತು ಬಾಲ ಬದಲಿಸಿ ಕೊಟ್ಟಿತು, ಅಷ್ಟೆ. ಗುಟ್ಟು ಇರುವುದು ಹಿಂದಿನ ಚಕ್ರಗಳಲ್ಲಿ. ಉಳಿದೆರಡರಲ್ಲಿ ಗಟ್ಟಿ ಆಕ್ಸಲ್ ಮತ್ತು ಲೀಫ್ ಸ್ಪ್ರಿಂಗ್ ಇದ್ದರೆ ಇದರಲ್ಲಿ ಪ್ರತಿ ಚಕ್ರಕ್ಕೂ ಸ್ವತಂತ್ರ ಸಸ್ಪೆನ್ಷನ್. ತಿರುವಿನ ಮಧ್ಯೆ ರಸ್ತೆ ಮುರಿದಿದ್ದರೆ ಹೀಲಿಯ ಹಿಂಭಾಗ ಪಕ್ಕಕ್ಕೆ ಜಿಗಿಯುತ್ತದೆ. ಟಿಆರ್6 ಅದೇ ಜಾಗವನ್ನು ನುಂಗಿಕೊಂಡು ಹೋಗುತ್ತದೆ. ವೇಗ ಹೆಚ್ಚಿಸಿದಾಗ ಹಿಂಭಾಗ ಕುಳಿತು ಮೂತಿ ಎತ್ತುವುದು ಮೊದಮೊದಲು ವಿಚಿತ್ರ, ಆಮೇಲೆ ಅಭ್ಯಾಸವಾಗುತ್ತದೆ. ಲ್ಯೂಕಸ್ ಕಂಪನಿಯ ಪೆಟ್ರೋಲ್ ಇಂಜೆಕ್ಷನ್ ಸರಿಯಾಗಿದ್ದರೆ ಎಂಜಿನ್ ಹಸಿದವರಂತೆ ಸುತ್ತು ಏರಿಸುತ್ತದೆ. ಡಿಕ್ಕಿಯಲ್ಲಿರುವ ಪೆಟ್ರೋಲ್ ಪಂಪು ಬಿಸಿಯಾದರೆ ಮುನಿಸಿಕೊಳ್ಳುತ್ತದೆ ಎಂಬುದು ಹಳೆಯ ದೂರು, ಹಲವರು ಈಗ ಆಧುನಿಕ ಪಂಪು ಹಾಕಿಸಿಕೊಂಡಿದ್ದಾರೆ. ಅಮೆರಿಕಕ್ಕೆ ಹೋದ ಕಾರುಗಳಲ್ಲಿ ಇಂಜೆಕ್ಷನ್ ಇಲ್ಲ, ಬಲವೂ ಬಹಳ ಕಡಿಮೆ. ಅಲ್ಲಿಂದ ವಾಪಸು ಬಂದ ಕಾರನ್ನು ಓಡಿಸಿ ಟಿಆರ್6ನ್ನು ಅಳೆಯಬೇಡಿ.

ನನ್ನ ಹಣ ಟಿಆರ್6ಗೇ. ಹೀಲಿಯ ಎಂಜಿನ್ನಿನಷ್ಟು ಗಂಭೀರ ದನಿ ಇದಕ್ಕಿಲ್ಲ, ಎಂಜಿಸಿಯ ಸಮಾಧಾನವೂ ಇಲ್ಲ. ಆದರೆ ಮುರಿದ ರಸ್ತೆಯಲ್ಲಿ ಇರುವ ಬಲವನ್ನೆಲ್ಲ ಧೈರ್ಯವಾಗಿ ಬಳಸಬಹುದಾದದ್ದು ಇದೊಂದರಲ್ಲೇ. 90 ಸಾವಿರಕ್ಕೂ ಹೆಚ್ಚು ಕಾರುಗಳು ತಯಾರಾದ್ದರಿಂದ ಬಿಡಿಭಾಗಗಳಿಗೂ ಅಲೆಯಬೇಕಿಲ್ಲ; ಎಂಜಿಸಿ ತಯಾರಾದದ್ದು ಸುಮಾರು ಒಂಬತ್ತು ಸಾವಿರ ಮಾತ್ರ.

ಟಿಆರ್6 ಕೊಳ್ಳಲು ಹೋದವರು ಬಣ್ಣ ನೋಡುವ ಮೊದಲು ಒಂದು ಕೆಲಸ ಮಾಡಿ. ಎಂಜಿನ್ ನಿಲ್ಲಿಸಿ, ಬಾನೆಟ್ ಎತ್ತಿ, ಒಬ್ಬರು ಕ್ಲಚ್ ಒತ್ತಿ ಬಿಡುತ್ತಿರಲಿ. ನೀವು ಮುಂದಿನ ಪುಲ್ಲಿಯ ಮೇಲೆ ಕಣ್ಣಿಡಿ. ಈ ಎಂಜಿನ್ನಿನಲ್ಲಿ ಕ್ರ್ಯಾಂಕ್‌ಶಾಫ್ಟ್‌ನ ಹಿಂದುಮುಂದಿನ ಚಲನೆಯನ್ನು ತಡೆಯುವುದು ಅರ್ಧಚಂದ್ರಾಕಾರದ ತೆಳು ಥ್ರಸ್ಟ್ ವಾಷರ್‌ಗಳು. ಅವು ಸವೆದು ಉದುರಿದರೆ ಕ್ರ್ಯಾಂಕ್‌ಶಾಫ್ಟ್ ನೇರವಾಗಿ ಬ್ಲಾಕ್ ಅನ್ನೇ ತೇಯುತ್ತದೆ. ಪುಲ್ಲಿ ಕಣ್ಣಿಗೆ ಕಾಣುವಷ್ಟು ಹಿಂದುಮುಂದಾದರೆ, ಮಾರುವವರು ಎಷ್ಟೇ ಚೌಕಾಸಿಗೆ ಬಗ್ಗಿದರೂ, ಕೈಮುಗಿದು ಹೊರಟುಬಿಡಿ.