ಡ್ರೆಡ್‌ನಾಟ್ ಅಥವಾ ಕನ್ಸರ್ಟ್: ನಿಮ್ಮ ಕೈಗೆ ಯಾವ ಗಿಟಾರ್?

ಹಾಡಿನ ಜೊತೆ ಸ್ಟ್ರಮ್ ಮಾಡುವವರಿಗೆ, ಅಂದರೆ ತಂತಿಗಳನ್ನೆಲ್ಲ ಒಟ್ಟಿಗೆ ಸವರಿ ನುಡಿಸುವವರಿಗೆ, ಡ್ರೆಡ್‌ನಾಟ್ ಸರಿ. 1916ರಲ್ಲಿ ಅಮೆರಿಕದ ಗಿಟಾರ್ ತಯಾರಕ ಮಾರ್ಟಿನ್ ಕಂಪನಿ ತಯಾರಿಸಿದ ಈ ಅಗಲ ಸೊಂಟದ ಆಕಾರ ತುಂಬು ಮಂದ್ರ ಕೊಡುತ್ತದೆ. ಹತ್ತು ದನಿಗಳ ನಡುವೆಯೂ ಕೇಳಿಸುತ್ತದೆ. ಆದರೆ ಚಿಕ್ಕ ಮೈಕಟ್ಟಿನವರು ಅರ್ಧ ಗಂಟೆ ನುಡಿಸಿದರೆ ಬಲಭುಜ ಮೇಲೆದ್ದು ನೋಯತೊಡಗುತ್ತದೆ.

ಕನ್ಸರ್ಟ್ ಗಿಟಾರಿನ ಸೊಂಟ ಸಣ್ಣದು, ತೊಡೆಯ ಮೇಲೆ ತಾನಾಗಿ ಕೂರುತ್ತದೆ. ಸದ್ದು ಕಡಿಮೆ, ನಿಜ. ಆದರೆ ಬೆರಳಲ್ಲಿ ಮೀಟಿದಾಗ ಒಂದೊಂದು ತಂತಿಯೂ ಬಿಡಿಬಿಡಿಯಾಗಿ ಕೇಳುತ್ತದೆ. ಬೆರಳಿನಲ್ಲೇ ನುಡಿಸುವವರಿಗೆ ನಾನು ಹೇಳುವುದು ಇದನ್ನೇ.

ಯಾವುದೇ ಆಕಾರವಿರಲಿ, ಮೇಲ್ಹಲಗೆ ಪದರಗಳನ್ನು ಅಂಟಿಸಿದ ಪ್ಲೈ ಬೇಡ, ಪದರವಿಲ್ಲದ ಗಟ್ಟಿ ಮರದ್ದೇ ಇರಲಿ. ದನಿ ಹೆಚ್ಚಾಗಿ ಹುಟ್ಟುವುದು ಅಲ್ಲೇ. ತಂತಿಗಳ ಕೆಳಗಿನ ದುಂಡು ತೂತಿನ (ಸೌಂಡ್‌ಹೋಲ್) ಅಂಚಿಗೆ ಬೆಳಕು ಹಿಡಿದು ನೋಡಿ: ಮೇಲಿನ ಮರದ ಗೆರೆಗಳು ಅಂಚಿನಲ್ಲೂ ಹಾಗೇ ಇಳಿದಿದ್ದರೆ ಗಟ್ಟಿ ಮರ, ಪದರ ಪದರ ಕಂಡರೆ ಪ್ಲೈ.