ಲಿಲಿಯನ್ ಗಿಶ್‌ಗಾಗಿ ಮೀಸಲಾದ ಒಂದು ಭಾನುವಾರ

ಪುಣೆಯ ಡೆಕ್ಕನ್ ಜಿಮಖಾನಾ ಬಳಿ ಹಳೆಯ ಚಿತ್ರಗಳನ್ನು ತೋರಿಸುವ ಸಣ್ಣ ಚಿತ್ರಸಂಘವೊಂದು ಕಳೆದ ತಿಂಗಳು ಲಿಲಿಯನ್ ಗಿಶ್ ಅವರ ಮೂಕಿಚಿತ್ರಗಳಿಗೆಂದೇ ಒಂದು ಭಾನುವಾರವನ್ನು ಮೀಸಲಿಟ್ಟಿತ್ತು. 1912ರಲ್ಲಿ ಅಮೆರಿಕದ ನಿರ್ದೇಶಕ ಡಿ. ಡಬ್ಲ್ಯು. ಗ್ರಿಫಿತ್ ಅವರ ಕಿರುಚಿತ್ರದಲ್ಲಿ ತಂಗಿ ಡೊರೊಥಿಯೊಂದಿಗೆ ತೆರೆಗೆ ಬಂದ ಈ ನಟಿ 1987ರವರೆಗೂ ಅಭಿನಯಿಸಿದರೆಂದು ಓದಿ ತಿಳಿದಿದ್ದೆನಾದರೂ, ಆ ಮುಖವನ್ನು ದೊಡ್ಡ ಪರದೆಯ ಮೇಲೆ ಕಂಡ ಅನುಭವವೇ ಬೇರೆ.

1920ರ ‘ವೇ ಡೌನ್ ಈಸ್ಟ್’ ಚಿತ್ರದ ಕೊನೆಯಲ್ಲಿ ಅವರು ತೇಲುವ ಮಂಜುಗಡ್ಡೆಯ ಮೇಲೆ ಪ್ರಜ್ಞೆತಪ್ಪಿ ಬಿದ್ದಿರುತ್ತಾರೆ. ಕೈಯೂ ಕೂದಲೂ ಕೊರೆಯುವ ನೀರಿನಲ್ಲಿ ಇಳಿಬಿದ್ದಿರುತ್ತವೆ. ಹಾಗೆ ಇಳಿಬಿಡುವ ಯೋಚನೆ ಅವರದೇ ಆಗಿತ್ತು, ಅದರಿಂದ ಆ ಕೈಗಾದ ಹಾನಿ ಬಹುಕಾಲ ಉಳಿಯಿತು. ಪಕ್ಕದಲ್ಲಿ ಕುಳಿತಿದ್ದ ನನ್ನ ಅಮ್ಮ ಆ ದೃಶ್ಯ ಮುಗಿಯುವವರೆಗೂ ತನ್ನ ಕೈಗಳನ್ನು ಸೆರಗಿನೊಳಗೆ ಮುದುಡಿಕೊಂಡಿದ್ದಳು. ಮೊಹಾವಿ ಮರುಭೂಮಿಯ ಸುಡುಬಿಸಿಲಿನಲ್ಲಿ, ವಿಮಾನದ ಪ್ರೊಪೆಲರ್‌ಗಳಿಂದ ಮರಳೆಬ್ಬಿಸಿ ಚಿತ್ರಿಸಿದ 1928ರ ‘ದ ವಿಂಡ್’ ನನ್ನ ಪಾಲಿಗೆ ಅವರ ಶ್ರೇಷ್ಠ ಅಭಿನಯ. ಅಲ್ಲಿ ಭಯವೆಲ್ಲ ಕಣ್ಣಂಚಿನಲ್ಲೇ ಇದೆ.

ಪ್ರದರ್ಶನದಲ್ಲಿ ಒಂದು ಕೊರತೆ ನನ್ನನ್ನು ನಿಜಕ್ಕೂ ನೋಯಿಸಿತು. ನಿಧಾನ ವೇಗದಲ್ಲಿ ಚಿತ್ರಿಸಿದ ಮೊದಲ ಕಿರುಚಿತ್ರವನ್ನು ಇಂದಿನ, ಸೆಕೆಂಡಿಗೆ 24 ಫ್ರೇಮುಗಳ (ಬಿಡಿಚಿತ್ರಗಳ) ವೇಗದಲ್ಲಿ ಓಡಿಸಿದ್ದರಿಂದ ಪಾತ್ರಗಳು ಗಡಿಬಿಡಿಯಲ್ಲಿ ಓಡಾಡಿದಂತೆ ಕಂಡು, ಗಂಭೀರ ಸನ್ನಿವೇಶಕ್ಕೂ ಸಭೆ ನಕ್ಕಿತು. ಮಧ್ಯಾಹ್ನದ ವೇಳೆಗೆ ಅದನ್ನು ಸರಿಪಡಿಸಿದರು. ಮೂಕಿಚಿತ್ರಗಳ ಜೊತೆಜೊತೆಗೆ ಪಿಯಾನೊ ನುಡಿಸಿದ ಯುವಕ ಮಾತ್ರ ಎಲ್ಲಿ ನಿಲ್ಲಿಸಬೇಕೆಂಬುದನ್ನು ಚೆನ್ನಾಗಿ ಬಲ್ಲವನು. 150 ರೂಪಾಯಿಯ ಟಿಕೆಟ್ ಹೆಚ್ಚೆನಿಸಲಿಲ್ಲ; ನಡುವೆ ಬರುವ ಇಂಗ್ಲಿಷ್ ಬರಹಗಳನ್ನು ಅಮ್ಮನಿಗೆ ಕನ್ನಡದಲ್ಲಿ ಪಿಸುಗುಟ್ಟಲು ಹಿಂದಿನ ಸಾಲಿನ ಕುರ್ಚಿಗಳೇ ಅನುಕೂಲ.